ಡಿಲೀಟ್ ಮಾಡಿದ ಫೋಟೋ ನೋಡಿ ಕ್ಯಾಮೆರಾ ತಗೊಳಿ

(ಶಿರಸಿಯಲ್ಲಿ ಒಂದು ಭಾನುವಾರ, ಬ್ಲಾಗ್ ಬರೆಯೋರು ವಿಡಿಯೋ ಮಾಡೋರ ಎದುರು, ಕ್ಯಾಮೆರಾ ತಗೊಳ್ಳೋದರ ಬಗ್ಗೆ ಮಾತಾಡಿದ್ದು ಇದು. ಎದುರಿಗೆ ಕೂತವರೊಬ್ರು ಫೋನಲ್ಲಿ ರೆಕಾರ್ಡ್ ಮಾಡ್ಕೊಂಡಿದ್ರು, ಅದನ್ನ ಕೇಳ್ತಾ ಟೈಪ್ ಮಾಡಿದ್ದೇನೆ. ನಡುನಡುವೆ ತಗಡಿನ ಮೇಲೆ ಮಳೆ ಜೋರು ಬಿದ್ದ ಕಡೆ ನಾನು ಎಂತ ಹೇಳಿದೆ ಅಂತ ನನಗೇ ಕೇಳ್ಸಲಿಲ್ಲ, ಅಲ್ಲೆಲ್ಲ ನೆನಪಿಂದ ತುಂಬಿದ್ದೇನೆ.)

ಎಲ್ಲರೂ ಒಂದ್ಸಲ ಫೋನ್ ತೆಗೀರಿ. ಗ್ಯಾಲರಿ ಬೇಡ, ಗ್ಯಾಲರಿಲಿ ಚೊಲೋ ಬಂದಿದ್ದೇ ಇರ್ತದೆ. ಡಿಲೀಟ್ ಮಾಡಿದ್ದು ಸ್ವಲ್ಪ ದಿನ ಉಳ್ಕೊಂಡಿರ್ತದಲ್ಲ, ಬಿನ್ ಅಂತನೋ ಟ್ರ್ಯಾಶ್ ಅಂತನೋ ಹೆಸರಿರ್ತದೆ, ಅದನ್ನ ತೆಗೀರಿ. ಯಾರಿಗೂ ತೋರ್ಸೋದು ಬೇಡ, ನೀವೇ ನೋಡ್ಕೊಳ್ಳಿ. ಅಲ್ಲಿ ಬಿದ್ದಿರೋ ಒಂದೊಂದನ್ನೂ ಯಾಕೆ ಬಿಸಾಕಿದ್ರಿ ಅಂತ ನೆನಪು ಮಾಡ್ಕೊಳ್ಳಿ. ಅಲುಗಾಡ್ತು, ಕತ್ತಲಾಯ್ತು, ಗಾಳಿ ಸದ್ದು ಬಂತು, ದೂರ ಆಯ್ತು, ಮಾತಾಡೋವಾಗ ತೊದಲಿದೆ. ತೊದಲೋದಕ್ಕೆ ಯಾವ ಕಂಪನಿನೂ ಔಷಧಿ ಮಾಡಿಲ್ಲ, ಉಳಿದಿದ್ದಕ್ಕೆಲ್ಲ ಒಂದೊಂದು ಸಾಮಾನಿದೆ, ಮತ್ತೆ ಆ ಸಾಮಾನಲ್ಲಿ ಅರ್ಧಕ್ಕರ್ಧ ಕ್ಯಾಮೆರಾನೇ ಅಲ್ಲ. ಇವತ್ತು ನಾನು ಹೇಳೋಕೆ ಬಂದಿದ್ದು ಇದನ್ನೇ.

ಯಾವ ಕ್ಯಾಮೆರಾ ತಗೊಳ್ಳಲಿ ಅಂತ ನನ್ನ ಕೇಳದೇ ಇದ್ದವರು ಕಡಿಮೆ. ಮದುವೆ ಮನೇಲಿ ಬಾಳೆ ಎಲೆ ಮುಂದೆ ಕೂತಾಗ ಕೇಳ್ತಾರೆ, ಪಾಯಸ ಬರೋದ್ರೊಳಗೆ ಉತ್ತರ ಬೇಕು. ನಾನು ತಿರುಗಿ ಕೇಳ್ತೇನೆ, ನೀವು ಎಂತ ತೆಗಿತೀರಿ ಅಂತ. "ಎಲ್ಲ" ಅಂತಾರೆ. ಎಲ್ಲ ಅಂದ್ರೆ ಎಂತ ಮಾರಾಯ್ರೆ? ಯಾಣದ ಬಂಡೆ, ಆಯಿ ಮಾಡಿದ ಅಪ್ಪೆಹುಳಿ, ರಾತ್ರಿ ನಡೆಯೋ ಯಕ್ಷಗಾನ ಆಟ, ದಾಂಡೇಲಿ ಕಾಡಿನ ಮಂಗಟ್ಟೆ ಹಕ್ಕಿ, ಇಷ್ಟೂ ಒಂದೇ ಪೆಟ್ಟಿಗೆಲಿ ಬರ್ಬೇಕು ಅಂದ್ರೆ ಆ ಪೆಟ್ಟಿಗೆ ಹೊರೋಕೆ ಒಂದು ಆಳು ಬೇಕು, ತಗೊಳ್ಳೋಕೆ ತೋಟದಲ್ಲಿ ಒಂದು ಪಾಲು ಮಾರ್ಬೇಕು.

ನಾನೇ ಮಾಡಿದ ಪೆದ್ದುತನ ಹೇಳಿಬಿಡ್ತೇನೆ, ಆಮೇಲೆ ನಿಮಗೆ ಬುದ್ಧಿ ಹೇಳೋಕೆ ಧೈರ್ಯ ಬರ್ತದೆ. ನಾನು ಮೊದಲ ಕ್ಯಾಮೆರಾ ತಗೊಂಡಿದ್ದು ಡಬ್ಬದ ಮೇಲಿನ ಅಂಕಿ ನೋಡಿ. ಇಪ್ಪತ್ನಾಲ್ಕು ಮೆಗಾಪಿಕ್ಸೆಲ್, ಎರಡು ಲೆನ್ಸ್, ಒಂದು ಬ್ಯಾಗ್ ಫ್ರೀ. ಬ್ಯಾಗ್ ಮಾತ್ರ ಇವತ್ತಿಗೂ ಇದೆ, ಅದ್ರಲ್ಲಿ ಈಗ ಕೊಡೆ ಇಡ್ತೇನೆ. ನಮ್ಮ ಊರಿನ ಹಿರಿಯರೊಬ್ರ ಹತ್ರ ಹಳೇ ಕಾಲದ ಆಲೆಮನೆ ಕತೆ ಹೇಳ್ಸಿ ವಿಡಿಯೋ ಮಾಡ್ಬೇಕು ಅಂತ ಆಸೆ ಇತ್ತು, ಅದಕ್ಕೆ ಅಂತ ಕಾಲರ್ ಮೈಕ್ ತರ್ಸಿದೆ, ಹಚ್ಚೋಕೆ ಹೋದ್ರೆ ಕ್ಯಾಮೆರಾಕ್ಕೆ ಮೈಕ್ ಹಚ್ಚೋ ತೂತೇ ಇಲ್ಲ! ಸುತ್ತ ತಿರುಗ್ಸಿ ನೋಡ್ದೆ, ರಬ್ಬರ್ ಮುಚ್ಚಳ ಎಲ್ಲ ಎತ್ತಿ ನೋಡ್ದೆ, ಇಲ್ಲ. ಅವರು ಕತೆ ಚೆಂದ ಹೇಳಿದ್ರು, ವಿಡಿಯೋದಲ್ಲಿ ಕೇಳೋದು ಮಾತ್ರ ಹಿತ್ತಲಿನ ಜೀರುಂಡೆ. ಅವರು ಈಗಿಲ್ಲ. ಜೀರುಂಡೆ ಇದೆ.

ಹಾಗಾಗಿ ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಮೊದಲು ಇದನ್ನ ನೋಡಿ. ಕ್ಯಾನನ್ 1500ಡಿ, ನಿಕಾನ್ ಡಿ3500, ಎರಡೂ 2018ರಲ್ಲಿ ಬಂದಿದ್ದು, ಫೋಟೋಕ್ಕೆ ಇವತ್ತಿಗೂ ಚೊಲೋ ಕ್ಯಾಮೆರಾಗಳೇ, ಆದ್ರೆ ಎರಡಕ್ಕೂ ಹೊರಗಿನ ಮೈಕ್ ಹಚ್ಚೋಕೆ ಬರೋದಿಲ್ಲ, ಸ್ಕ್ರೀನೂ ನಿಮ್ಮ ಮುಖದ ಕಡೆ ತಿರುಗೋದಿಲ್ಲ. ಬರೀ ಫೋಟೋ ಅಂದ್ರೆ ಕಣ್ಣು ಮುಚ್ಚಿ ತಗೊಳಿ. ಕ್ಯಾಮೆರಾ ಎದುರು ನಿಂತು ಮಾತಾಡೋರಿಗೆ ಮಾತ್ರ ಅವೆರಡೂ ಅಲ್ಲ.

ಮೆಗಾಪಿಕ್ಸೆಲ್ ವಿಷಯ ಬೇಗ ಮುಗಿಸ್ತೇನೆ. 24 ಮೆಗಾಪಿಕ್ಸೆಲ್ ಫೋಟೋ ಅಂದ್ರೆ 6000 ಅಡ್ಡ 4000 ಉದ್ದ, ಎರಡು ಕೋಟಿ ನಲವತ್ತು ಲಕ್ಷ ಚುಕ್ಕೆ. ಬ್ಲಾಗಲ್ಲಿ ಹಾಕೋವಾಗ ನೀವು ಅದನ್ನ 1600 ಅಗಲಕ್ಕೆ ಇಳಿಸ್ತೀರಿ, ಅಲ್ಲಿ ಉಳಿಯೋದು ಹದಿನೇಳು ಲಕ್ಷ. ಉಳಿದ ಎರಡು ಕೋಟಿ ಚಿಲ್ಲರೆ ಎಲ್ಲಿಗೆ ಹೋಯ್ತು? ಫುಲ್ ಎಚ್‌ಡಿ ವಿಡಿಯೋದ ಒಂದು ಫ್ರೇಮ್ ಇಪ್ಪತ್ತು ಲಕ್ಷ ಚಿಲ್ಲರೆ, ಫೋರ್‌ಕೆ ಅಂದ್ರೂ ಎಂಬತ್ಮೂರು ಲಕ್ಷ. ಹಾಗಾಗಿ 20 ಇದ್ರೇನು 26 ಇದ್ರೇನು, ಅಂಗಡಿಯವ ಆ ಅಂಕಿ ಹೇಳೋಕೆ ಶುರು ಮಾಡಿದ್ರೆ ನೀವು ಚಾ ಕುಡಿಯೋಕೆ ಹೋಗ್ಬಹುದು.

ನೋಡ್ಬೇಕಾಗಿದ್ದು ಸೆನ್ಸರ್, ಅಂದ್ರೆ ಕ್ಯಾಮೆರಾ ಒಳಗೆ ಬೆಳಕು ಹಿಡಿಯೋ ಚಿಪ್, ಎಷ್ಟು ದೊಡ್ಡದು ಅಂತ. ಮಳೆ ನೀರು ಹಿಡಿಯೋಕೆ ಅಂಗಳದಲ್ಲಿ ಲೋಟ ಇಟ್ರೆ ಎಷ್ಟು ತುಂಬ್ತದೆ, ಹಂಡೆ ಇಟ್ರೆ ಎಷ್ಟು ತುಂಬ್ತದೆ, ಅದೇ ಲೆಕ್ಕ. ಫುಲ್ ಫ್ರೇಮ್ ಅಂದ್ರೆ 36 ಮಿಲಿಮೀಟರ್ ಅಡ್ಡ 24. ಎಪಿಎಸ್-ಸಿ ಅಂದ್ರೆ ಸುಮಾರು 23.5 ಅಡ್ಡ 15.6, ಕ್ಯಾನನ್‌ದು ಇದಕ್ಕಿಂತ ಒಂಚೂರು ಸಣ್ಣ. ಆಮೇಲೆ ಒಂದು ಇಂಚ್ ಸೆನ್ಸರ್ ಅಂತ ಇದೆ, ಅದರಲ್ಲಿ ಒಂದು ಇಂಚು ಅನ್ನೋದು ಎಲ್ಲೂ ಇಲ್ಲ, 13.2 ಅಡ್ಡ 8.8 ಮಿಲಿಮೀಟರ್ ಅಷ್ಟೇ. ಹಳೇ ಕಾಲದ ವಿಡಿಯೋ ಕ್ಯಾಮೆರಾದ ಗಾಜಿನ ಟ್ಯೂಬಿನ ಅಳತೆ ಹೆಸರಲ್ಲಿ ಉಳ್ಕೊಂಡು ಬಂದಿದ್ದು, ಮನೆ ಮಾರಿ ಹೋದ್ರೂ ಊರಲ್ಲಿ ಮನೆ ಹೆಸರು ಉಳಿಯೋದಿಲ್ವಾ, ಹಾಗೆ. ಹೆಚ್ಚಿನ ಫೋನ್ ಸೆನ್ಸರ್ ಇದಕ್ಕಿಂತಲೂ ಚಿಕ್ಕದು. ಹಗಲಲ್ಲಿ ಈ ವ್ಯತ್ಯಾಸ ಗೊತ್ತೇ ಆಗೋದಿಲ್ಲ, ಉಂಚಳ್ಳಿ ಜಲಪಾತ ಬೆಳಿಗ್ಗೆ ಹತ್ತು ಗಂಟೆಗೆ ಫೋನಲ್ಲಿ ತೆಗೆದಿದ್ದು ಯಾವುದು ದೊಡ್ಡ ಕ್ಯಾಮೆರಾದ್ದು ಯಾವುದು ಅಂತ ಬ್ಲಾಗಲ್ಲಿ ನೋಡಿ ಹೇಳೋದು ನನಗೂ ಕಷ್ಟ. ಕತ್ತಲಾದ ಮೇಲೆ ಗೊತ್ತಾಗ್ತದೆ.

ಕತ್ತಲಾದ ಮೇಲೆ ನಮ್ಮ ಕಡೆ ಎಂತ ನಡೀತದೆ? ಆಟ. ಇಲ್ಲಿ ಅರ್ಧ ಜನರ ಬಿನ್‌ನಲ್ಲಿ ಆಟದ ಫೋಟೋ ಇದೆ ಅಂತ ನಾನು ಬರೆದು ಕೊಡ್ತೇನೆ. (ನಗು.) ಮುಖ ಸುಣ್ಣ ಬಳಿದ ಹಾಗೆ ಬೆಳ್ಳಗೆ, ಕಿರೀಟ ಹೊಳೆಯೋ ಮುದ್ದೆ, ಕೈ ಕಾಲು ಹೊಗೆ. ಯಾಕೆ ಹಾಗಾಗ್ತದೆ ಅಂದ್ರೆ, ಹಿಂದಿನ ಪರದೆ ಕಪ್ಪು, ಫೋನು ಆ ಕಪ್ಪನ್ನ ನೋಡಿ "ಓ ಕತ್ತಲೆ ಇದೆ" ಅಂತ ತಿಳ್ಕೊಂಡು ಬೆಳಕು ಏರಿಸ್ತದೆ, ಮುಖದ ಬಣ್ಣ ಸುಟ್ಟು ಹೋಗ್ತದೆ. ಇದಕ್ಕೆ ಹೊಸ ಕ್ಯಾಮೆರಾ ಬೇಡ. ಸ್ಕ್ರೀನಲ್ಲಿ ವೇಷದ ಮುಖದ ಮೇಲೆ ಬೆರಳು ಒತ್ತಿ ಹಿಡೀರಿ, ಲಾಕ್ ಆಗ್ತದೆ, ಪಕ್ಕದಲ್ಲಿ ಸೂರ್ಯನ ಚಿಹ್ನೆ ಬರ್ತದೆ, ಅದನ್ನ ಕೆಳಗೆ ಎಳೀರಿ. ಅರ್ಧ ರೋಗ ಅಲ್ಲೇ ಗುಣ ಆಯ್ತು. ಇನ್ನರ್ಧ, ಆ ಕೈ ಕಾಲಿನ ಹೊಗೆ ಇದ್ಯಲ್ಲ, ಅದಕ್ಕೆ ದುಡ್ಡು ಬೇಕು. ವೇಷ ಮಂಡಿ ಮೇಲೆ ತಿರುಗೋದನ್ನ ನಿಲ್ಲಿಸಿ ಹಿಡೀಬೇಕು ಅಂದ್ರೆ ಶಟರ್, ಬೆಳಕು ಒಳಗೆ ಬಿಡೋ ಬಾಗಿಲು ಅದು, ಸೆಕೆಂಡಿನ 250ರಲ್ಲಿ ಒಂದು ಭಾಗಕ್ಕಾದ್ರೂ ಬರ್ಬೇಕು, ಅಷ್ಟು ಹೊತ್ತಲ್ಲಿ ಬೆಳಕು ಸಾಕಾಗ್ಬೇಕು ಅಂದ್ರೆ ಸೆನ್ಸರ್ ದೊಡ್ಡದಿರ್ಬೇಕು, ಅದಕ್ಕಿಂತ ಹೆಚ್ಚಾಗಿ ಲೆನ್ಸ್ ಬಾಯಿ ದೊಡ್ಡದಿರ್ಬೇಕು.

ಎಲ್ಲರೂ ಎಡವೋದು ಈ ಲೆನ್ಸಿನ ಹತ್ರ. ಬಾಡಿ, ಅಂದ್ರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ, ಅದರ ಜೊತೆ ಕೊಡೋ ಕಿಟ್ ಲೆನ್ಸು ಜೂಮ್ ಮಾಡಿದಾಗ ಎಫ್ 5.6 ಅಥವಾ 6.3ಕ್ಕೆ ಹೋಗಿ ಕೂತ್ಕೊಳ್ತದೆ. ಈ ಎಫ್ ಅಂಕಿ ಸಣ್ಣ ಆದಷ್ಟೂ ಲೆನ್ಸ್ ಬಾಯಿ ದೊಡ್ಡದು. 50 ಎಂಎಂ ಎಫ್ 1.8 ಅಂತ ಒಂದು ಸಣ್ಣ ಲೆನ್ಸ್ ಬರ್ತದೆ, ಜೂಮ್ ಇಲ್ಲ ಎಂತ ಇಲ್ಲ, ಸಾಮಾನ್ಯ ಕಡಿಮೆ ಬೆಲೆದು. 5.6ಕ್ಕೆ ಹೋಲಿಸಿದ್ರೆ ಅದ್ರಲ್ಲಿ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು ಒಳಗೆ ಬರ್ತದೆ. ಹತ್ತು ಪಟ್ಟು! ಅಷ್ಟು ಬೆಳಕನ್ನ ಬಾಡಿ ಬದಲಾಯಿಸಿ ತರ್ಬೇಕು ಅಂದ್ರೆ ಫುಲ್ ಫ್ರೇಮಿಗೆ ಹೋದ್ರೂ ಆಗೋದಿಲ್ಲ. ಆಟಕ್ಕೆ ಎರಡನೇ ಮೂರನೇ ಸಾಲಲ್ಲಿ ಕೂತವರಿಗೆ ಎಪಿಎಸ್-ಸಿ ಬಾಡಿ ಮೇಲೆ ಈ 50 ಬಹಳ ಹಿತ. ಅದೇ 50 ತಗೊಂಡು ಅಡುಗೆಮನೆಗೆ ಹೋದ್ರೆ ಮಾತ್ರ ಒದ್ದಾಡ್ತೀರಿ, ಯಾಕಂದ್ರೆ ಎಂಎಂ ಹೆಚ್ಚಾದಷ್ಟೂ ಎಲ್ಲ ಹತ್ತಿರ ಕಾಣ್ತದೆ, ಎಪಿಎಸ್-ಸಿ ಮೇಲೆ ಅದು 75 ಎಂಎಂ ಥರ ಕಾಣ್ತದೆ, ಹಿಂದೆ ಹೋಗ್ತಾ ಹೋಗ್ತಾ ನೀವು ಬಚ್ಚಲ ಮನೇಲಿ ನಿಂತಿರ್ತೀರಿ. ಅಡುಗೆಗೆ 30ರ ಒಳಗಿನದ್ದು ಬೇಕು.

ಈಗ ಕರೆಂಟಿನ ವಿಷಯ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಯೂಟ್ಯೂಬಲ್ಲಿ ಅಮೆರಿಕದವರ ವಿಡಿಯೋ ನೋಡಿ ಸೆಟಿಂಗ್ ಕಲ್ತಿರ್ತೀರಿ, 30 ಫ್ರೇಮ್ ಇಡಿ, ಶಟರ್ 1/60 ಇಡಿ ಅಂತಾರೆ. ಅವರಲ್ಲಿ ಕರೆಂಟು 60 ಹರ್ಟ್ಜ್. ನಮ್ಮಲ್ಲಿ 50. ನಮ್ಮ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಎಲ್ಲ ಸೆಕೆಂಡಿಗೆ 100 ಸಲ ಹೆಚ್ಚು ಕಡಿಮೆ ಆಗ್ತಾ ಉರೀತಿರ್ತವೆ, ಕಣ್ಣಿಗೆ ಕಾಣೋದಿಲ್ಲ, ಕ್ಯಾಮೆರಾಕ್ಕೆ ಕಾಣ್ತದೆ. ವಿಡಿಯೋದಲ್ಲಿ ಅಡ್ಡಡ್ಡ ಪಟ್ಟಿ ಓಡ್ತದಲ್ಲ, ಕ್ಯಾಮೆರಾ ಹಾಳಾಯ್ತು ಅಂತ ಕೆಲವರು ಹುಬ್ಬಳ್ಳಿಗೆ ರಿಪೇರಿಗೆ ಒಯ್ದಿದ್ದೂ ಉಂಟು. ಮೆನುವಲ್ಲಿ ಎನ್‌ಟಿಎಸ್‌ಸಿ ಅಂತಿದ್ರೆ, ಅದು ಅಮೆರಿಕದ ಪದ್ಧತಿ, ನಮ್ಮ ಕಡೆಯ ಪಾಲ್ ಅಂತ ಮಾಡಿ, 25 ಫ್ರೇಮ್ ಇಡಿ, ಶಟರ್ 1/50. 30 ಫ್ರೇಮೇ ಬೇಕು ಅನ್ನೋ ಹಟ ಇದ್ರೂ ಶಟರ್ ಮಾತ್ರ 1/50 ಅಥವಾ 1/100 ಇಡಿ, ಪಟ್ಟಿ ಹೋಗ್ತದೆ. ಡಿಮ್ಮರ್ ಹಾಕಿದ ಕೆಲವು ಸ್ಟೇಜ್ ಲೈಟು ಇದಕ್ಕೂ ಬಗ್ಗೋದಿಲ್ಲ, ಅಲ್ಲಿ ಶಟರನ್ನ ಸ್ವಲ್ಪ ಸ್ವಲ್ಪ ಸರಿಸಿ ನೋಡ್ತಾ ಇರೋದೇ. ಫೋಟೋಕ್ಕೆ 1/250 ಇಟ್ಟಾಗ ಒಂದು ಫೋಟೋ ಹಳದಿ ಒಂದು ಕಂದು ಬಂದ್ರೆ ಅದೂ ಇದೇ ರೋಗ, ಕೆಲವು ಕ್ಯಾಮೆರಾದಲ್ಲಿ ಆ್ಯಂಟಿ-ಫ್ಲಿಕರ್ ಅಂತ ಇರ್ತದೆ, ತಗೊಳ್ಳೋವಾಗ ಅದು ಇದ್ಯಾ ಅಂತ ಕೇಳಿ. ಅಂಗಡಿಯವ ಇದನ್ನ ಹೇಳೋದಿಲ್ಲ, ಮೆಗಾಪಿಕ್ಸೆಲ್ ಹೇಳ್ತಾನೆ.

ಪೂರ್ತಿ ಆಟ ರೆಕಾರ್ಡ್ ಮಾಡ್ತೇನೆ ಅನ್ನೋರು ಲೆಕ್ಕ ಬರ್ಕೊಳ್ಳಿ. ಫೋರ್‌ಕೆ ವಿಡಿಯೋ ಸಾಮಾನ್ಯ 100 ಎಂಬಿಪಿಎಸ್‌ನಲ್ಲಿ, ಅಂದ್ರೆ ಸೆಕೆಂಡಿಗೆ 100 ಮೆಗಾಬಿಟ್ ಬರೀತದೆ, ಎಂಟು ಬಿಟ್‌ಗೆ ಒಂದು ಬೈಟ್, ಎಂಟರಿಂದ ಭಾಗಿಸಿ, ಸೆಕೆಂಡಿಗೆ 12.5 ಎಂಬಿ, ಗಂಟೆಗೆ 45 ಜಿಬಿ. ಮೂರು ತಾಸಿನ ಕಾಲಮಿತಿ ಆಟಕ್ಕೇ 135 ಜಿಬಿ. ಬೆಳಗಿನವರೆಗಿನ ಆಟ ಆದ್ರೆ ಕಾರ್ಡ್ ಅಲ್ಲ, ಕಾರ್ಡಿನ ಮಾಲೆ ಬೇಕು. ಫುಲ್ ಎಚ್‌ಡಿಲಿ ಮಾಡಿ, ಸಾಕು. ಕಾರ್ಡ್ ಮೇಲೆ ವಿ30 ಅಂತ ಬರೆದಿರೋದು ತಗೊಳಿ, ಸೆಕೆಂಡಿಗೆ ಕಡಿಮೆ ಅಂದ್ರೂ 30 ಎಂಬಿ ಬರೀತೇನೆ ಅಂತ ಅದರ ಅರ್ಥ. ಇನ್ನೊಂದು, ಹಳೇ ಕ್ಯಾಮೆರಾ ಬಹಳಷ್ಟು 29 ನಿಮಿಷ 59 ಸೆಕೆಂಡಿಗೆ ತಾವೇ ನಿಂತು ಹೋಗ್ತವೆ, ಸರಿಯಾಗಿ ರಾವಣನ ಪ್ರವೇಶ ಆಗೋ ಹೊತ್ತಿಗೆ. ನಿಕಾನ್ ಝಡ್30 ಎರಡು ತಾಸಿನ ಮೇಲೆ ಸ್ವಲ್ಪ ಓಡ್ತದೆ, ಕ್ಯಾನನ್ ಆರ್50 ಒಂದು ತಾಸು, ಆಮೇಲೆ ಮತ್ತೆ ಬಟನ್ ಒತ್ತಬೇಕು. ತೂಕಡಿಸಿದ್ರೆ ಹೋಯ್ತು.

ಆಟದ ಧ್ವನಿನೂ ಇಲ್ಲೇ ಹೇಳಿಬಿಡ್ತೇನೆ. ಕ್ಯಾಮೆರಾ ಮೈಕು ಆಟೋದಲ್ಲಿ ಇದ್ರೆ ಚಂಡೆ ಪೆಟ್ಟು ಬಿದ್ದ ಕೂಡಲೇ ಹೆದರಿ ಧ್ವನಿ ಇಳಿಸ್ತದೆ, ಭಾಗವತರ ಪದ ಬಾವಿ ಒಳಗೆ ಹೋದ ಹಾಗಾಗ್ತದೆ, ಚಂಡೆ ನಿಂತ ಮೇಲೆ ಮತ್ತೆ ನಿಧಾನ ಮೇಲೆ ಬರ್ತದೆ. ಲೆವೆಲ್ ಮ್ಯಾನುವಲ್ ಮಾಡಿ, ಚಂಡೆ ಜೋರಾದಾಗ ಮೀಟರ್ ಮೈನಸ್ ಹನ್ನೆರಡು ಡೆಸಿಬೆಲ್, ಹೆಚ್ಚಂದ್ರೆ ಮೈನಸ್ ಆರರ ಹತ್ರ ಬರೋ ಹಾಗೆ ಇಡಿ. ಅದಕ್ಕಿಂತ ಚೊಲೋ ಉಪಾಯ ಅಂದ್ರೆ ಮೇಳದವರ ಒಪ್ಪಿಗೆ ತಗೊಂಡು, ಸೌಂಡ್‌ನವನಿಗೆ ಒಂದು ಚಾ ಕುಡಿಸಿ, ಅವನ ಮಿಕ್ಸರಿಂದ ಒಂದು ವೈರ್ ಎಳ್ಕೊಂಡು ಬೇರೆ ರೆಕಾರ್ಡರ್‌ಗೆ ಕೊಡೋದು. ಶುರುವಲ್ಲಿ ಕ್ಯಾಮೆರಾ ಎದುರು ಒಂದು ಚಪ್ಪಾಳೆ ಹೊಡೆದಿಟ್ರೆ ಆಮೇಲೆ ಎಡಿಟಿಂಗಲ್ಲಿ ಎರಡನ್ನೂ ಹೊಂದಿಸ್ಬಹುದು.

ಇನ್ನು ಕಡಲ ಕಡೆಯವರು. ಕುಮಟಾ, ಗೋಕರ್ಣ, ಕಾರವಾರದಿಂದ ಬಂದವರು ಯಾರ್ಯಾರಿದ್ದೀರಿ? ನಿಮ್ಮ ಬಿನ್‌ನಲ್ಲಿ ಎಂತ ಇದೆ ಅಂತ ನೋಡದೇ ಹೇಳ್ತೇನೆ, ಭುಸ್ಸ್ಸ್ ಅಂತ ಗಾಳಿ. ಓಂ ಬೀಚಲ್ಲಿ ನಿಂತು ಹತ್ತು ನಿಮಿಷ ಮಾತಾಡಿರ್ತೀರಿ, ಮನೆಗೆ ಬಂದು ಕೇಳಿದ್ರೆ ಪ್ರೆಶರ್ ಕುಕ್ಕರ್. ಸ್ಪಂಜಿನ ಟೊಪ್ಪಿ ಇದಕ್ಕೆ ಸಾಕಾಗೋದಿಲ್ಲ, ರೋಮ ರೋಮ ಇರೋ ಟೊಪ್ಪಿ ಬರ್ತದಲ್ಲ, ಡೆಡ್ ಕ್ಯಾಟ್ ಅಂತಾರೆ, ಅದು ಹಾಕಿದ ಸಣ್ಣ ವೈರ್‌ಲೆಸ್ ಮೈಕ್ ಅಂಗಿಗೆ ಸಿಕ್ಕಿಸ್ಕೊಳ್ಳಿ, ಸಮುದ್ರಕ್ಕೆ ಬೆನ್ನು ಮಾಡೋದಕ್ಕಿಂತ ಗಾಳಿಗೆ ಬೆನ್ನು ಮಾಡಿ ನಿಲ್ಲಿ. ಫೋನಿಗೇ ಹಚ್ಚೋದು ಸಿಗ್ತದೆ. ಹೋಮ್‌ಸ್ಟೇ ನಡೆಸೋರಿಗೆ, ಊರು ತಿರುಗಿ ಬರೆಯೋರಿಗೆ ನನ್ನ ಲೆಕ್ಕದಲ್ಲಿ ಈ ಮೈಕು, ಒಂದು ಟ್ರೈಪಾಡು, ಈಗಿರೋ ಫೋನು, ಇಷ್ಟಾದ್ರೆ ಒಂದು ವರ್ಷಕ್ಕೆ ಧಾರಾಳ ಆಯ್ತು. ಬೇಜಾರು ಮಾಡ್ಕೋಬೇಡಿ, ಕ್ಯಾಮೆರಾ ತಗೊಳ್ಳೋ ಆಸೆಲಿ ಬಂದವರಿಗೆ ಬೇಡ ಅಂತಿದ್ದೇನೆ.

ಕ್ಯಾಮೆರಾ ತಗೊಂಡೇ ಬೀಚಿಗೆ ಹೋದವರಿಗೆ ಇನ್ನೊಂದು ತೊಂದರೆ. ವಿಡಿಯೋಕ್ಕೆ ಶಟರ್ 1/50 ಅಂದೆನಲ್ಲ, ಮಧ್ಯಾಹ್ನದ ಬಿಸಿಲಿಗೆ 1/50 ಇಟ್ಟು ಲೆನ್ಸ್ ಎಫ್ 2.8ಕ್ಕೆ ತೆರೆದ್ರೆ ಚಿತ್ರ ಪೂರ್ತಿ ಬಿಳಿ. ಅಲ್ಲಿಗೆ ಎನ್‌ಡಿ ಫಿಲ್ಟರ್ ಬೇಕು, ಲೆನ್ಸಿಗೆ ಕೂಲಿಂಗ್ ಗ್ಲಾಸ್ ಇದ್ದ ಹಾಗೆ, ಎನ್‌ಡಿ 64 ಅಂದ್ರೆ ಬೆಳಕನ್ನ ಅರವತ್ನಾಲ್ಕರಲ್ಲಿ ಒಂದು ಪಾಲಿಗೆ ಇಳಿಸ್ತದೆ, ನಮ್ಮ ಬಿಸಿಲಿಗೆ ಸರಿಯಾಗಿ ಅಷ್ಟೇ ಬೇಕು. 2020ರಲ್ಲಿ ಬಂದ ಸೋನಿ ಝಡ್‌ವಿ-1 ಒಳಗೇ ಒಂದು ಎನ್‌ಡಿ ಇದೆ, ಜೇಬಲ್ಲಿ ಹಿಡಿಯೋ ಕ್ಯಾಮೆರಾ, ಲೆನ್ಸ್ ಬಿಚ್ಚೋಕಾಗೋದಿಲ್ಲ. ಬಿಚ್ಚೋಕಾಗದೇ ಇರೋದು ಬೀಚಲ್ಲಿ ಒಂದು ಲಾಭ, ಮರಳು ಒಳಗೆ ಹೋಗೋ ಭಯ ಕಡಿಮೆ.

ಈಗ ಹೆಸರು ಹೇಳಿ ಅಂತ ಹಿಂದಿಂದ ಸನ್ನೆ ಮಾಡ್ತಿದ್ದಾರೆ. ಹೇಳ್ತೇನೆ. ಮಾತಾಡೋ ವಿಡಿಯೋ, ಅಡುಗೆ, ಊರು ಸುತ್ತೋದು, ನಡುವೆ ಫೋಟೋ, ಇಷ್ಟಕ್ಕೆ ಸೋನಿ ಝಡ್‌ವಿ-ಇ10, ನಿಕಾನ್ ಝಡ್30, ಕ್ಯಾನನ್ ಆರ್50, ಮೂರೂ ಎಪಿಎಸ್-ಸಿ, ಮೂರಕ್ಕೂ ಸ್ಕ್ರೀನ್ ತಿರುಗ್ತದೆ, ಮೈಕ್ ತೂತು ಇದೆ. ಕಿವಿಗೆ ಹೆಡ್‌ಫೋನ್ ಹಚ್ಚಿ ಕೇಳ್ತಾ ರೆಕಾರ್ಡ್ ಮಾಡೋಕೆ ಸೋನಿಲಿ ಮಾತ್ರ ಬರ್ತದೆ. ಕಣ್ಣಿಟ್ಟು ನೋಡೋ ವ್ಯೂಫೈಂಡರ್ ಕ್ಯಾನನ್‌ನಲ್ಲಿ ಮಾತ್ರ ಇದೆ, ಬಿಸಿಲಲ್ಲಿ ಸ್ಕ್ರೀನ್ ಕಾಣದೇ ಇದ್ದಾಗ ಅದರ ಬೆಲೆ ಗೊತ್ತಾಗ್ತದೆ. ಮೂರರಲ್ಲೂ ಬಾಡಿ ಒಳಗೆ ಅಲುಗಾಟ ತಡೆಯೋ ವ್ಯವಸ್ಥೆ ಇಲ್ಲ, ಲೆನ್ಸಲ್ಲಿ ಇದ್ದಷ್ಟೇ, ಹಾಗಾಗಿ ತೋಟದ ದಾರಿಲಿ ನಡೀತಾ ವಿಡಿಯೋ ಮಾಡಿದ್ರೆ ನೋಡೋರಿಗೆ ದೇವಿಮನೆ ಘಾಟಿ ಬಸ್ಸಲ್ಲಿ ಕೂತ ಹಾಗಾಗ್ತದೆ. ನಡೀತಾ ಮಾತಾಡೋದೇ ನಿಮ್ಮ ಕಸುಬಾದ್ರೆ ಡಿಜೆಐ ಓಸ್ಮೋ ಪಾಕೆಟ್ 3 ನೋಡಿ, 2023ರದ್ದು, ಒಂದು ಇಂಚಿನ ಸೆನ್ಸರು, ಗಿಂಬಲ್, ಅಂದ್ರೆ ಕ್ಯಾಮೆರಾ ಅಲುಗಾಡದ ಹಾಗೆ ಹಿಡಿಯೋ ಯಂತ್ರ, ಅದರ ಮೇಲೇ ಕೂತಿದೆ. ಅದರಲ್ಲಿ ಫೋಟೋ ಮಾತ್ರ ಅಷ್ಟಕ್ಕಷ್ಟೇ. ಹಕ್ಕಿ ತೆಗೆಯೋರು ನನ್ನ ಹತ್ರ ಬೇರೆ ಮಾತಾಡಿ, ನಿಮ್ಮದು 400 ಎಂಎಂ ಲೆನ್ಸಿನ ಸಂಸಾರ, ಅದು ಇವತ್ತಿನ ಬಜೆಟ್ಟಲ್ಲಿ ಹಿಡಿಯೋದಿಲ್ಲ.

ಬಜೆಟ್ ಇಷ್ಟು ಅಂತ ಇಟ್ಕೊಂಡ್ರೆ ಪೂರ್ತಿ ಬಾಡಿ ಮೇಲೇ ಸುರೀಬೇಡಿ. ನಾನಾದ್ರೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಬಾಡಿ ಮೇಲೆ ಹಾಕ್ತೇನೆ, ಉಳಿದಿದ್ದು ಲೆನ್ಸು, ಮೈಕು, ಎರಡನೇ ಬ್ಯಾಟರಿ, ಮತ್ತೆ ಒಂದು ಡಬ್ಬ.

ಡಬ್ಬ ಅಂದೆ. ನಗಬೇಡಿ. ಹೊರಗೆ ನೋಡಿ, ಈ ಮಳೆಲಿ ನಮ್ಮ ಮನೆ ಚಪ್ಪಲಿಗೆ ಬೂಸ್ಟು ಬರ್ತದೆ, ಬೆಲ್ಟಿಗೆ ಬರ್ತದೆ, ಲೆನ್ಸನ್ನ ಬಿಡ್ತದಾ? ಗಾಜಿನ ಒಳಗೆ ಜೇಡನ ಬಲೆ ಥರ ಹಬ್ಬಿಕೊಳ್ತದೆ, ಒಮ್ಮೆ ಗಾಜಿನ ಲೇಪ ತಿಂದು ಹಾಕಿದ್ರೆ ತೊಳೆಸಿದ್ರೂ ಕಲೆ ಉಳೀತದೆ. ನನ್ನ ಆ ಎರಡು ಲೆನ್ಸಲ್ಲಿ ಒಂದು ಹಾಗೇ ಹೋಯ್ತು, ನಾನೇ ಚರ್ಮದ ಚೀಲದಲ್ಲಿ ಕಪಾಟಿನ ಒಳಗೆ ಭದ್ರವಾಗಿ ಇಟ್ಟಿದ್ದೆ, ಕತ್ತಲೆ, ಥಂಡಿ, ಗಾಳಿ ಇಲ್ಲ, ಬೂಸ್ಟಿಗೆ ಇದಕ್ಕಿಂತ ಎಂತ ಬೇಕು. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬ ತಗೊಂಡು ಒಳಗೆ ಸಿಲಿಕಾ ಜೆಲ್ ಹಾಕಿ, ಒಂದು ಸಣ್ಣ ತೇವಾಂಶ ಮೀಟರ್ ಇಡಿ, ನಲವತ್ತರಿಂದ ಐವತ್ತರ ಒಳಗೆ ಇರ್ಲಿ. ನೀಲಿ ಹರಳು ಗುಲಾಬಿ ಆದ್ರೆ ನೀರು ಕುಡ್ದು ಹೊಟ್ಟೆ ತುಂಬಿದೆ ಅಂತ, ಕಾಯಿಸಿ ಒಣಗಿಸಿ ಮತ್ತೆ ಹಾಕ್ಬಹುದು, ಆದ್ರೆ ಆ ನೀಲಿ ಬಣ್ಣ ಒಳ್ಳೇದಲ್ಲ, ಅಡುಗೆ ಪಾತ್ರೆಲಿ ಹುರೀಬೇಡಿ. ಅಕ್ಕಿಲಿ ಹುಗಿದು ಇಡ್ತಾರೆ ಕೆಲವರು, ಬೇಡ, ಅಕ್ಕಿ ಧೂಳು ಲೆನ್ಸ್ ಒಳಗೆ ಹೋಗ್ತದೆ. ಎಲ್ಲಕ್ಕಿಂತ ಒಳ್ಳೇದು ವಾರಕ್ಕೊಮ್ಮೆ ತೆಗೆದು ಬಳಸೋದು. ಸೆಕೆಂಡ್ ಹ್ಯಾಂಡ್ ಲೆನ್ಸ್ ತಗೊಳ್ಳೋವಾಗ ಹಿಂದಿಂದ ಫೋನ್ ಟಾರ್ಚ್ ಬಿಟ್ಟು ಮುಂದಿಂದ ಓರೆಯಾಗಿ ನೋಡಿ, ಬಲೆ ಇದ್ರೆ ಕಂಡೇ ಕಾಣ್ತದೆ. ಕರಾವಳಿಯವರಿಗೆ ಇದರ ಮೇಲೆ ಉಪ್ಪು ಬೇರೆ, ಬೀಚಿಂದ ಬಂದ ದಿನವೇ ಒಂಚೂರು ಒದ್ದೆ ಬಟ್ಟೆಲಿ ಬಾಡಿ ಒರೆಸಿ, ಆಮೇಲೆ ಒಣ ಬಟ್ಟೆ.

ಪ್ರಶ್ನೆಗಳಲ್ಲಿ ಮೂರು ಮಾತ್ರ ಇಲ್ಲಿ ಬರೀತೇನೆ, ಉಳಿದಿದ್ದು ಬೆಲೆ ವಿಚಾರಣೆ, ಬೆಲೆ ವಾರಕ್ಕೊಂದು ಸಲ ಬದಲಾಗ್ತದೆ.

ಕಾರವಾರದ ಹುಡುಗ ಒಬ್ಬ ಡ್ರೋನ್ ತಗೊಳ್ಳಲಾ ಅಂತ ಕೇಳಿದ. ತಮ್ಮಾ, ನಿಮ್ಮ ಊರಲ್ಲಿ ನೌಕಾನೆಲೆ ಇದೆ, 2021ರ ಡ್ರೋನ್ ನಿಯಮದಲ್ಲಿ ಕೆಂಪು, ಹಳದಿ, ಹಸಿರು ಅಂತ ವಲಯ ಮಾಡಿದ್ದಾರೆ, ಕೆಂಪಲ್ಲಿ ಕೇಂದ್ರ ಸರ್ಕಾರದ ಒಪ್ಪಿಗೆ ಇಲ್ದೆ ಹಾರ್ಸೋ ಹಾಗಿಲ್ಲ. ಮೊದಲು ಸರ್ಕಾರದ ಡಿಜಿಟಲ್ ಸ್ಕೈ ವೆಬ್‌ಸೈಟಿನ ನಕ್ಷೆ ತೆಗೆದು ನಿನ್ನ ಮನೆ ಯಾವ ಬಣ್ಣದಲ್ಲಿದೆ ನೋಡು, ಆಮೇಲೆ ದುಡ್ಡು ಎಣಿಸು.

ಹೆಗಡೆಯವರೊಬ್ರು, ವಯಸ್ಸಾದವರು, ಎದ್ದು ನಿಂತು "ಬಾಡಿಗೆಗೆ ಸಿಗ್ತಿಲ್ಯನ, ತಂದು ನೋಡ್ಲಕ್ಕಲಾ" ಅಂದ್ರು. ನಾನು ಹೇಳಬೇಕಾಗಿದ್ದ ಮಾತು ಅದು, ಮರೆತೇ ಬಿಟ್ಟಿದ್ದೆ. ಹುಬ್ಬಳ್ಳಿ ಕಡೆ ಬಾಡಿಗೆಗೆ ಸಿಗ್ತದೆ, ಎರಡು ದಿನಕ್ಕೆ ತನ್ನಿ, ಒಂದು ನಿಜವಾದ ಆಟಕ್ಕೆ ಒಯ್ಯಿರಿ, ಬೆಳಿಗ್ಗೆ ಮನೆ ಅಡುಗೆಮನೇಲಿ ಒಂದು ದೋಸೆ ವಿಡಿಯೋ ಮಾಡಿ. ಮೆನು ಎಲ್ಲಿದೆ ಅಂತ ಹುಡುಕೋದ್ರಲ್ಲೇ ದೋಸೆ ಸೀದು ಹೋದ್ರೆ ಆ ಕ್ಯಾಮೆರಾ ನಿಮಗಲ್ಲ.

ಕೊನೆಗೆ ಕುಮಟಾದ ಅಕ್ಕ ಒಬ್ರು, ಮೀನಡುಗೆ ಬರೆಯೋರು, ನಾನು ಶುರುವಲ್ಲಿ ಹೇಳಿದ ಹಾಗೆ ಬಿನ್ ತೆಗೆದು ಸೀದಾ ಫೋನೇ ಕೈಗೆ ಕೊಟ್ರು. ಬಂಗುಡೆ ಸಾರಿನ ಹದಿನೈದು ಇಪ್ಪತ್ತು ಫೋಟೋ, ಎಲ್ಲ ಕಂದು, ಎಲ್ಲದರ ಮೇಲೂ ಅವರದ್ದೇ ತಲೆ ನೆರಳು. ಮೇಲಿನ ಟ್ಯೂಬ್‌ಲೈಟ್ ಕೆಳಗೆ ಬಗ್ಗಿ ತೆಗೆದಿದ್ದು. ಅಕ್ಕ, ಟ್ಯೂಬ್ ಆರ್ಸಿ, ಪಾತ್ರೆ ಕಿಟಕಿ ಹತ್ರ ತನ್ನಿ, ಬೆಳಕು ಪಕ್ಕದಿಂದ ಬರ್ಲಿ, ಇನ್ನೊಂದು ಪಕ್ಕ ಒಂದು ಬಿಳಿ ಪಂಚೆ ಹಿಡ್ಕೊಳ್ಳೋಕೆ ಯಾರಿಗಾದ್ರೂ ಹೇಳಿ ಅಂದೆ. ಪಂಚೆ ಹಿಡಿಯೋಕೆ ನಮ್ಮ ಯಜಮಾನ್ರು ಇದ್ದಾರೆ, ಹಾಗಾದ್ರೆ ಕ್ಯಾಮೆರಾ ಯಾವುದು ತಗೊಳ್ಳಲಿ ಅಂತ ಕೇಳಿದ್ರು. ಒಂದು ತಿಂಗಳು ಬಿಟ್ಟು ಮತ್ತೆ ಬಿನ್ ತೋರ್ಸಿ ಅಂದೆ. ಅಷ್ಟೊತ್ತಿಗೆ ಕರೆಂಟ್ ಹೋಯ್ತು, ರೆಕಾರ್ಡಿಂಗಲ್ಲಿ ಆಮೇಲೆ ಬರೀ ಮಳೆ ಇದೆ.